ಹಳ್ಳಕ್ಕೆ ಬಿದ್ದ ಕೀಡಿ

ಎಳ್ಳ ಅಮಾವಾಸ್ಯೆಯ ದಿನ ಮಹಾರಾಷ್ಟ್ರ, ಕರ್ನಾಟಕಗಳ ಗಡಿಯ ಕಾಸಾರಶಿರಸಿಯ ಸುತ್ತಲಿನ ಊರುಗಳಲ್ಲಿ ಓಣಿಗಳು ಬರಿದಾಗುತ್ತವೆ. ಕನ್ನಡದ ಮನೆಯವರು, ಮರಾಠಿ ಮನೆಯವರು, ಎಲ್ಲರೂ ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಮರಾಠಿಯವರು ‘ಯೇಳವಸ’ ಎನ್ನುವುದೂ ಇದೇ ಹಬ್ಬವನ್ನೇ. ಜೋಳದ ದಂಟಿನಿಂದ ಕೊಪ್ಪೆ ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿ, ಬೆಳೆಯ ತುಂಬ ಚರಗ ಚೆಲ್ಲಿ, ಭಜ್ಜಿ, ಅಂಬಲಿ ಉಂಡು, ಬಿಸಿಲು ಇಳಿಯುವ ತನಕ ಅಲ್ಲೇ ಇರುವ ದಿನ ಅದು.

ಉಂಡಾದ ಮೇಲೆ ಹೊಲ ಇಳಿದು ಹಳ್ಳದ ಕಡೆ ನಡೆಯಿರಿ. ತೊಗರಿ ಆಳೆತ್ತರ ಬೆಳೆದು ಕಾಯಿ ಕಟ್ಟಿದೆ. ದಂಡೆಯ ಸಾಲಿನ ಕೆಲವು ಗಿಡಗಳು ಕಾಯಿಯ ಭಾರಕ್ಕೆ ನೀರಿನ ಕಡೆ ಬಾಗಿವೆ. ಅಂಥ ಒಂದು ಗಿಡದ ಮೇಲೆ ಕೈಯಾಡಿಸಿದರೆ ಹಸಿರು ಕೀಡಿಯೊಂದು ಕಾಯಿ ಬಿಟ್ಟು ಕೆಳಗೆ ಬೀಳುತ್ತದೆ. ನೀರಿನ ಮೇಲೆ ಒಂದು ಸಣ್ಣ ಉಂಗುರ ಏಳುತ್ತದೆ. ಕೀಡಿ ಎರಡು ಸಲ ಹೊರಳುವಷ್ಟರಲ್ಲಿ ಕೆಳಗಿನಿಂದ ಬೆಳ್ಳಿಯಂಥದ್ದೊಂದು ಮಿಂಚಿ, ಇನ್ನೊಂದು ಉಂಗುರ ಏಳುತ್ತದೆ. ಆಮೇಲೆ ಕೀಡಿ ಇಲ್ಲ.

ಗಾಳ ಹಾಕುವವನು ಮಾಡುವುದು ಇದನ್ನೇ. ಗಿಡ ತಾನಾಗಿ ಮಾಡುವ ಕೆಲಸವನ್ನು ಅವನು ಒಂದು ಬಿದಿರು ಕೋಲು, ಒಂದು ದಾರ, ಒಂದು ಕೊಕ್ಕೆಯಿಂದ ಮಾಡುತ್ತಾನೆ. ಆ ಎರಡು ಉಂಗುರಗಳ ನಡುವೆ ಏನೇನು ನಡೆಯಿತು ಎಂದು ಕೇಳುತ್ತ ಹೋದರೆ ಹೊಲ, ಹುಳು, ಹಳ್ಳ, ಮೀನು ಒಂದೇ ಮನೆಯ ಲೆಕ್ಕವೆಂಬುದು ತಿಳಿಯುತ್ತದೆ. ಈ ಅಧ್ಯಾಯ ಆ ಲೆಕ್ಕದ್ದು.

ನೀರು ಎರಡು ಕಡೆ ಇಳಿಯುವ ನೆಲ

ಉಮರ್ಗಾ, ನಿಲಂಗಾ, ಉದಗೀರ ಇರುವ ಈ ಗಡಿಸೀಮೆ ದೂರದಿಂದ ಸಪಾಟಾಗಿ ಕಾಣುತ್ತದೆ. ಮಳೆನೀರು ಮಾತ್ರ ಇದರ ಏರಿಳಿತವನ್ನು ಚೆನ್ನಾಗಿ ಬಲ್ಲದು. ನಿಲಂಗಾ, ಉದಗೀರಗಳ ನೀರು ತೇರಣಾ, ಮಾಂಜ್ರಾ ನದಿಗಳ ಮೂಲಕ ಗೋದಾವರಿಗೆ ಹೋಗುತ್ತದೆ. ಬೀಡ ಜಿಲ್ಲೆಯ ಬಾಲಾಘಾಟದ ಗುಡ್ಡಗಳಲ್ಲಿ ಹುಟ್ಟುವ ಮಾಂಜ್ರಾ ಲಾತೂರು, ಬೀದರ ಜಿಲ್ಲೆಗಳನ್ನು ಹಾದು, ತೆಲಂಗಾಣದಲ್ಲಿ ಗೋದಾವರಿಯನ್ನು ಕೂಡಿಕೊಳ್ಳುತ್ತದೆ. ಉಮರ್ಗಾ ಸೀಮೆಯ ಇನ್ನೊಂದು ಪಾಲು ನೀರು ದಕ್ಷಿಣಕ್ಕೆ ತಿರುಗಿ, ಕಲಬುರಗಿ ಜಿಲ್ಲೆಯ ಬೆಣ್ಣೆತೊರೆಯನ್ನು ಸೇರಿ, ಕಾಗಿಣಾ, ಭೀಮಾ ದಾಟಿ ಕೃಷ್ಣೆಯ ಪಾಲಾಗುತ್ತದೆ.

ನೆಲದಡಿ ಕರಿಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ದಖ್ಖನ್ ಬಸಾಲ್ಟ್ ಅದು. 1993ರ ಸೆಪ್ಟೆಂಬರ್ 30ರ ಭೂಕಂಪದ ನಂತರ ಕಿಲ್ಲಾರಿಯಲ್ಲಿ ಆಳದ ಬಾವಿ ಕೊರೆದಾಗ ಈ ಕಲ್ಲಿನ ದಪ್ಪ 338 ಮೀಟರ್ ಎಂದು ತಿಳಿಯಿತು. ಈ ಕಲ್ಲು ಸವೆದು ಆದ ಮಣ್ಣೇ ಎರಿ. ಮಳೆಗೆ ಉಬ್ಬಿ ಅಂಟಾಗುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಗಟ್ಟಿ ಬಸಾಲ್ಟಿನೊಳಗೆ ನೀರು ನಿಲ್ಲುವುದು ಬಿರುಕುಗಳಲ್ಲಿ, ಸವೆದ ಪದರಗಳಲ್ಲಿ ಮಾತ್ರ. ಆದ್ದರಿಂದ ಇಲ್ಲಿಯ ಹಳ್ಳಗಳು ಮೃಗಶಿರಾ ಮಳೆಗೆ ಎದ್ದು, ದೀಪಾವಳಿಯ ಹೊತ್ತಿಗೆ ತಿಳಿಯಾಗಿ, ಸಂಕ್ರಾಂತಿ ದಾಟಿದ ಮೇಲೆ ಒಂದೊಂದೇ ಮಡುವಾಗಿ ತುಂಡಾಗುತ್ತವೆ. 2016ರಲ್ಲಿ ಲಾತೂರಿಗೆ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. ಅಂಥ ವರ್ಷಗಳಲ್ಲಿ ಮಡುಗಳೂ ಬತ್ತುತ್ತವೆ.

ಹಳ್ಳದ ಈ ಗುಣವೇ ಅದರ ಮೀನಿನ ಊಟವನ್ನು ತೀರ್ಮಾನಿಸುತ್ತದೆ. ಮಳೆಗಾಲದಲ್ಲಿ ಎರಿ ಮಣ್ಣು ಕರಗಿ ನೀರು ಕೆಸರಾಗುತ್ತದೆ, ಬೆಳಕು ಒಳಗಿಳಿಯದು, ಪಾಚಿ ಬೆಳೆಯದು. ಪಾಚಿ ಇಲ್ಲದಿದ್ದರೆ ಪಾಚಿ ತಿನ್ನುವ ಜಲಕೀಟಗಳೂ ಕಡಿಮೆ. ನೀರೊಳಗೆ ಹುಟ್ಟುವ ಆಹಾರ ಸಾಲದಾದಾಗ ಹಳ್ಳ ತನ್ನ ದಂಡೆಯ ಕಡೆ ಬಾಯಿ ತೆರೆಯಬೇಕು. ದಂಡೆ ಏನು ಕೊಡುತ್ತದೆ? ಕರಿಜಾಲಿ, ಬೇವು, ಔಡಲದ ಎಲೆಗಳು, ಹುಲ್ಲಿನ ಮೇಲಿನ ಮಿಡತೆ, ದಾರಿ ತಪ್ಪಿದ ಇರುವೆ. ಜತೆಗೆ ಬೆಳೆಗೆ ಬಿದ್ದ ಕೀಡಿ.

ಕೀಡಿ ಎಂಬ ಮೆತ್ತನೆಯ ಚೀಲ

ಕನ್ನಡದಲ್ಲಿ ಹುಳುವಿಗೆ ಹೆಸರು ಬಹಳ. ಮೈತುಂಬ ರೋಮವಿದ್ದರೆ ಕಂಬಳಿ ಹುಳು. ಬೆನ್ನು ಕಮಾನು ಮಾಡಿ ಗೇಣು ಹಾಕಿದಂತೆ ನಡೆದರೆ ಕೊಂಡಲಿ ಹುಳು. ಆ ಬೆನ್ನಿನಲ್ಲಿ ಮರಾಠಿ ರೈತ ಒಂಟೆಯನ್ನು ಕಂಡು ‘ಉಂಟ ಅಳಿ’ ಎಂದ. ತೊಗರಿ, ಕಡಲೆಯ ಕಾಯಿ ಕೊರೆಯುವ ಹಸಿರು ಹುಳು ನಮ್ಮ ಕಡೆ ಬರೇ ‘ಕೀಡಿ’. ಕಡಲೆಯ ಕಾಯಿಗೆ ಮರಾಠಿಯಲ್ಲಿ ‘ಘಾಟೇ’ ಎನ್ನುವುದರಿಂದ ಅದು ಅಲ್ಲಿ ‘ಘಾಟೇ ಅಳಿ’. ವಿಜ್ಞಾನಿಗಳಿಗೆ ಅದು ಹೆಲಿಕೋವರ್ಪಾ ಆರ್ಮಿಜೆರಾ.

ಇವೆಲ್ಲವೂ ಪತಂಗ, ಚಿಟ್ಟೆಗಳ ಮಕ್ಕಳು. ಕೀಡಿಯ ತಾಯಿ ಮುಸ್ಸಂಜೆಗೆ ಹಾರುವ ಕಂದು ಪತಂಗ. ಹೂವು, ಎಳೆಗಾಯಿಗಳ ಮೇಲೆ ಒಂದೊಂದಾಗಿ ಇಡುವ ಅದರ ಮೊಟ್ಟೆಗಳು ಒಟ್ಟು ಸಾವಿರದ ಆಸುಪಾಸಾಗಬಹುದು. ಮೊಟ್ಟೆಯಿಂದ ಬಂದಾಗ ಒಂದೂವರೆ ಮಿಲಿಮೀಟರ್ ಇದ್ದ ಮರಿ ಎರಡು ಮೂರು ವಾರಗಳಲ್ಲಿ ಐದು ಸಲ ಪೊರೆ ಕಳಚಿ ಮೂರೂವರೆ, ನಾಲ್ಕು ಸೆಂಟಿಮೀಟರ್ ಬೆಳೆಯುತ್ತದೆ. ತಲೆಯನ್ನು ಕಾಯೊಳಗೆ ತೂರಿಸಿ, ಅರ್ಧ ಮೈ ಹೊರಗೆ ಬಿಟ್ಟುಕೊಂಡು ಉಣ್ಣುವುದು ಅದರ ರೂಢಿ. ಹೀಗೆ ಹೊರಗುಳಿದ ಅರ್ಧ ಮೈಯೇ ಕಾಜಾಣಕ್ಕೂ ಗೊರವಂಕಕ್ಕೂ ಅದನ್ನು ಹಿಡಿದುಕೊಡುತ್ತದೆ.

ಕೀಡಿಗೆ ಎಲುಬಿಲ್ಲ. ಜೀರುಂಡೆಗಿರುವಂಥ ಗಟ್ಟಿ ಕವಚವೂ ಇಲ್ಲ. ತೆಳು ಚರ್ಮದ ಚೀಲದೊಳಗೆ ತುಂಬಿದ ದ್ರವವನ್ನು ಸ್ನಾಯುಗಳು ಅದುಮಿ ಹಿಡಿದಿರುತ್ತವೆ. ಆ ಒತ್ತಡವೇ ಅದರ ಎಲುಬು. 18ನೇ ಶತಮಾನದಲ್ಲಿ ಪಿಯೇರ್ ಲಿಯೋನೆ ಎಂಬಾತ ಒಂದು ಮರಕೊರಕ ಹುಳುವನ್ನು ಬಿಡಿಸಿ ನೋಡಿ ನಾಲ್ಕು ಸಾವಿರಕ್ಕೂ ಹೆಚ್ಚು ಸ್ನಾಯುಗಳನ್ನು ಎಣಿಸಿದ. ನಮ್ಮ ಮೈಯಲ್ಲಿರುವುದು ಆರುನೂರು ಚಿಲ್ಲರೆ. ನೀರಿಗೆ ಬಿದ್ದ ಕೀಡಿ ಎಲ್ಲ ದಿಕ್ಕಿಗೂ ಹೊರಳಿ, ಬಾಗಿ, ಸುರುಳಿ ಸುತ್ತುವುದು ಇದರಿಂದ. ಚರ್ಮದ ಮೇಲೆ ಮೇಣದ ಲೇಪವಿರುವುದರಿಂದ ಅದು ತಕ್ಷಣ ಮುಳುಗದೆ ಸ್ವಲ್ಪ ಹೊತ್ತು ತೇಲುತ್ತ ಒದ್ದಾಡುತ್ತದೆ.

ಮೀನಿನ ಕಡೆಯಿಂದ ನೋಡಿ. ಒಂದು ಬಲಿತ ಕೀಡಿ ಅರ್ಧ ಗ್ರಾಮಿನ ಆಸುಪಾಸು ತೂಗುತ್ತದೆ. ಒಡೆಯಬೇಕಾದ ಚಿಪ್ಪಿಲ್ಲ, ಚುಚ್ಚುವ ಮುಳ್ಳಿಲ್ಲ, ಹಾರಿಹೋಗುವ ರೆಕ್ಕೆಯಿಲ್ಲ. ಪತಂಗವಾಗುವ ಕಾಲಕ್ಕೆಂದು ಕೂಡಿಟ್ಟ ಕೊಬ್ಬು, ಪ್ರೋಟೀನು ಮೈತುಂಬ ಇದೆ. ಬೆರಳುದ್ದದ ಪಕ್ಕೆ ಮೀನು ಇಷ್ಟು ಆಹಾರವನ್ನು ಸಣ್ಣ ಜಲಕೀಟಗಳಿಂದ ಕೂಡಿಸಬೇಕಾದರೆ ಹತ್ತಾರು ಸಲ ಈಜಿ, ಹತ್ತಾರು ಸಲ ತನ್ನನ್ನು ಮಿಂಚುಳ್ಳಿಯ ಕಣ್ಣಿಗೆ ಒಡ್ಡಿಕೊಳ್ಳಬೇಕು.

ಬಿದ್ದದ್ದು ತಿಳಿಯುವುದು ಹೇಗೆ?

ಮಡುವಿನ ತಳದಲ್ಲಿದ್ದ ಮೀನಿಗೆ ಕೀಡಿ ಬಿದ್ದ ಸುದ್ದಿ ನಾಲ್ಕು ದಾರಿಗಳಿಂದ ಮುಟ್ಟುತ್ತದೆ.

ಮೊದಲನೆಯದು ಸದ್ದು. ಪಕ್ಕೆ ಮೀನು, ರೋಹು, ಮೀಸೆಯ ಗಿರ್ಲು ಮುಂತಾದ ಮೀನುಗಳಲ್ಲಿ ಗಾಳಿಚೀಲದಿಂದ ಒಳಕಿವಿಯ ತನಕ ಸಣ್ಣ ಎಲುಬುಗಳ ಸರಪಳಿಯೊಂದಿದೆ. ವೇಬರ್ ಎಂಬ ವಿಜ್ಞಾನಿಯ ಹೆಸರಿನ ಈ ಏರ್ಪಾಟಿನಲ್ಲಿ ಗಾಳಿಚೀಲ ತಮಟೆಯ ಚರ್ಮದಂತೆ ಕಂಪಿಸಿ ಸದ್ದನ್ನು ಕಿವಿಗೆ ಒಯ್ಯುತ್ತದೆ. ದಂಡೆಯಲ್ಲಿ ಕೂತ ನಮಗೆ ಕೇಳಿಸದ ‘ಟಪ್’ ಅವುಗಳಿಗೆ ಕೇಳಿಸಬಲ್ಲದು.

ಎರಡನೆಯದು ಅಲೆ. ಮೀನಿನ ಎರಡೂ ಪಕ್ಕಗಳಲ್ಲಿ ಚುಕ್ಕಿಗೆರೆಯಂತೆ ಕಾಣುವುದು ಅದರ ಪಾರ್ಶ್ವರೇಖೆ. ಆ ರಂಧ್ರಗಳೊಳಗಿನ ಸೂಕ್ಷ್ಮ ರೋಮಕೋಶಗಳು ನೀರಿನ ಅತಿ ಸಣ್ಣ ಅಲುಗಾಟವನ್ನೂ ಗುರುತಿಸುತ್ತವೆ. ಒಣ ಎಲೆ ಬಿದ್ದರೆ ಒಂದು ಉಂಗುರ ಎದ್ದು ಮುಗಿಯುತ್ತದೆ. ಕೀಡಿ ಬಿದ್ದರೆ ಅದು ಹೊರಳಿದಷ್ಟು ಹೊತ್ತೂ ಅಲೆ ಹುಟ್ಟುತ್ತಲೇ ಇರುತ್ತದೆ.

ಮೂರನೆಯದು ನೋಟ. ನೀರೊಳಗಿನಿಂದ ಮೇಲೆ ನೋಡುವ ಮೀನಿಗೆ ಹೊರಗಿನ ಜಗತ್ತೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ. ಬೆಳಕು ನೀರಿಗಿಳಿಯುವಾಗ ಬಾಗುವುದರಿಂದ ಆಕಾಶ, ಗಿಡ, ದಂಡೆ ಎಲ್ಲವೂ ಸುಮಾರು 97 ಡಿಗ್ರಿಯ ಕೋನದೊಳಗೆ ಮಡಚಿಕೊಳ್ಳುತ್ತವೆ. ಕಿಟಕಿಯ ಹೊರಗೆ ನೀರಿನ ಮೇಲ್ಮೈ ಕನ್ನಡಿಯಾಗಿ ತಳವನ್ನೇ ತೋರಿಸುತ್ತದೆ. ಈ ಕಿಟಕಿಯಲ್ಲಿ ಬೆಳಕಿಗೆ ಅಡ್ಡವಾಗಿ ತೇಲುವ ಕೀಡಿ ಎದ್ದು ಕಾಣುತ್ತದೆ. ನಿಂತ ಮನುಷ್ಯನೂ ಕಾಣುತ್ತಾನೆ. ಬಗ್ಗಿ ಕೂತವನು ಕಿಟಕಿಯ ಅಂಚಿನಲ್ಲಿ ಚಪ್ಪಟೆಯಾಗಿ ಮರೆಯಾಗುತ್ತಾನೆ. ಗಾಳ ಹಾಕುವವರು ದಂಡೆಯಿಂದ ಹಿಂದೆ ಸರಿದು ಕುಕ್ಕರುಗಾಲಲ್ಲಿ ಕೂರುವುದರ ಹಿಂದೆ ಇರುವುದು ಈ ಬೆಳಕಿನ ನಿಯಮ.

ನಾಲ್ಕನೆಯದು ರುಚಿ. ಕೀಡಿಯ ಮೈದ್ರವದಲ್ಲಿ ಅಮೈನೋ ಆಮ್ಲಗಳು ಬಿಡಿಬಿಡಿಯಾಗಿ ಹೇರಳವಾಗಿ ಕರಗಿರುತ್ತವೆ. ಮೀನಿಗೆ ‘ಇಲ್ಲಿ ಊಟವಿದೆ’ ಎಂದು ತಿಳಿಸುವ ವಸ್ತುಗಳಲ್ಲಿ ಇವೇ ಮುಖ್ಯ. ಕೊಕ್ಕೆ ಚುಚ್ಚಿದ ಕೀಡಿಯಿಂದ ಈ ದ್ರವ ನೀರಿಗೆ ಸೋರುತ್ತದೆ. ಮೀಸೆಯ ಮೀನುಗಳಿಗೆ ನಾಲಿಗೆಯ ಕೆಲಸವನ್ನು ಮೈಯೆಲ್ಲ ಮಾಡುತ್ತದೆ. ಕೆಲವು ಜಾತಿಗಳಲ್ಲಿ ರುಚಿಮೊಗ್ಗುಗಳು ಲಕ್ಷಕ್ಕೂ ಹೆಚ್ಚು. ಕೆಸರು ನೀರಿನಲ್ಲಿ, ಕತ್ತಲಲ್ಲಿ ಗಿರ್ಲು ಗಾಳಕ್ಕೆ ಬೀಳುವುದು ಕಣ್ಣಿನಿಂದಲ್ಲ, ಮೀಸೆಯಿಂದ.

ಹೊಲ ಉಣಿಸುವ ಹಳ್ಳ

ದಂಡೆಯಿಂದ ಬೀಳುವ ಹುಳು ಮೀನಿಗೆ ಅಪರೂಪದ ಹಬ್ಬದೂಟವೋ ದಿನದ ರೊಟ್ಟಿಯೋ? ಇದನ್ನು ಅಳತೆ ಮಾಡಿ ತೋರಿಸಿದವರು ಜಪಾನಿನ ಪರಿಸರ ವಿಜ್ಞಾನಿ ಶಿಗೇರು ನಕಾನೊ. ಹೊಕ್ಕೈಡೊ ದ್ವೀಪದ ಹೊರೊನಾಯ್ ಎಂಬ ಸಣ್ಣ ತೊರೆಯಲ್ಲಿ ಅವರೂ ಸಂಗಡಿಗರೂ ಕಾಡಿನಿಂದ ನೀರಿಗೆ ಬೀಳುವ ಹುಳುಗಳನ್ನೂ ನೀರಿನಿಂದ ಕಾಡಿಗೆ ಹಾರುವ ಕೀಟಗಳನ್ನೂ ವರ್ಷವಿಡೀ ಲೆಕ್ಕ ಹಾಕಿದರು. 2001ರಲ್ಲಿ ಪ್ರಕಟವಾದ ಲೆಕ್ಕ ಹೀಗಿತ್ತು: ತೊರೆಯ ಮೀನುಗಳ ವಾರ್ಷಿಕ ಆಹಾರದ ಶಕ್ತಿಯಲ್ಲಿ ಶೇಕಡಾ 44 ಕಾಡಿನಿಂದ ಬಿದ್ದ ಹುಳುಗಳದ್ದು, ದಂಡೆಯ ಹಕ್ಕಿಗಳ ಆಹಾರದಲ್ಲಿ ಶೇಕಡಾ 26ರಷ್ಟು ತೊರೆಯಿಂದ ಎದ್ದ ಕೀಟಗಳದ್ದು. ನೀರೊಳಗೆ ಕೀಟ ಕಡಿಮೆಯಾಗುವ ಬೇಸಿಗೆಯಲ್ಲಿ ದಂಡೆ ಮೀನನ್ನು ಸಾಕುತ್ತದೆ. ಮರಗಳಲ್ಲಿ ಎಲೆಯಿಲ್ಲದ, ಹುಳುವಿಲ್ಲದ ತಿಂಗಳುಗಳಲ್ಲಿ ತೊರೆ ಹಕ್ಕಿಗಳನ್ನು ಸಾಕುತ್ತದೆ.

ಅದಕ್ಕೂ ಮೊದಲು, 1999ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ ಅವರು ತೊರೆಯ ಭಾಗಗಳಿಗೆ ಹಸಿರುಮನೆಯಂಥ ಮುಚ್ಚಿಗೆ ಹಾಕಿ, ಮೇಲಿನಿಂದ ಏನೂ ಬೀಳದಂತೆ ತಡೆದಿದ್ದರು. ಹಸಿದ ಮೀನುಗಳು ತೊರೆಯ ಜಲಕೀಟಗಳನ್ನೇ ಹುಡುಕಿ ಹುಡುಕಿ ತಿಂದವು. ಆ ಕೀಟಗಳು ಕಡಿಮೆಯಾದಾಗ ಅವು ಮೇಯುತ್ತಿದ್ದ ಪಾಚಿ ಕಲ್ಲುಗಳ ಮೇಲೆ ಹೆಚ್ಚಿತು. ಎಲೆಯ ಮೇಲಿನ ಹುಳು ಬೀಳದೆ ಹೋದದ್ದಕ್ಕೆ ತಳದ ಕಲ್ಲಿನ ಬಣ್ಣ ಬದಲಾಯಿತು. ನಕಾನೊ 2000ದ ಮಾರ್ಚ್‌ನಲ್ಲಿ ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ದೋಣಿ ಮುಳುಗಿ ತೀರಿಕೊಂಡರು. ಅವರ ಹೆಸರಾದ ಲೇಖನ ಬಂದದ್ದು ಅವರು ಹೋದ ಮೇಲೆ.

ಹೊಕ್ಕೈಡೊದ ಕಾಡಿಗೂ ನಿಲಂಗಾದ ಹೊಲಕ್ಕೂ ಹೋಲಿಕೆ ಕಡಿಮೆ. ಅಲ್ಲಿ ಮರಗಳ ಎಲೆ ಉದುರುವುದು ಕಾಲವನ್ನು ಹೇಳಿದರೆ ಇಲ್ಲಿ ಬೆಳೆಯೇ ಕಾಲವನ್ನು ಹೇಳುತ್ತದೆ. ಮಳೆಗಾಲದ ನಡುವೆ ಸೋಯಾ ಎಲೆ ತಿನ್ನುವ ಕೊಂಡಲಿ ಹುಳು ಬರುತ್ತದೆ. ಕಾರ್ತಿಕದಿಂದ ಪುಷ್ಯದ ತನಕ ತೊಗರಿ, ಕಡಲೆಗೆ ಕೀಡಿ ಬೀಳುತ್ತದೆ. ಅದೇ ಹೊತ್ತಿಗೆ ಹಳ್ಳ ಇಳಿದು, ಮೀನೆಲ್ಲ ಮಡುಗಳಲ್ಲಿ ಒತ್ತಾಗಿ ಸೇರಿರುತ್ತದೆ. ತಿನ್ನುವ ಬಾಯಿಗಳು ಹೆಚ್ಚಾಗಿ ನೀರೊಳಗಿನ ಆಹಾರ ಕಡಿಮೆಯಾಗುವ ಕಾಲದಲ್ಲೇ ದಂಡೆಯ ಗಿಡಗಳಲ್ಲಿ ಹುಳು ತುಂಬಿರುತ್ತದೆ. ಎಳ್ಳ ಅಮಾವಾಸ್ಯೆಯ ಸಂಜೆ ಗಾಳಕ್ಕೆ ಕೀಡಿ ಸಿಗಿಸಿದವನಿಗೆ ಮೀನು ಬೇಗ ಕಚ್ಚಲು ಈ ಹೊಂದಾಣಿಕೆಯೂ ಒಂದು ಕಾರಣ.

ಕಲ್ಯಾಣದ ಅರಸ, ಮಳ್ಯಾ ಮೀನು

ಯಾವ ಮೀನಿಗೆ ಯಾವ ಮೇವು ಎಂಬ ವಿದ್ಯೆಯ ಹಳೆಯ ಬರಹವೊಂದು ಈ ಸೀಮೆಯದ್ದೇ. ಕಾಸಾರಶಿರಸಿಯಿಂದ ಗಡಿ ದಾಟಿದರೆ ಬಸವಕಲ್ಯಾಣ. ಅದು ಚಾಲುಕ್ಯರ ರಾಜಧಾನಿಯಾಗಿದ್ದಾಗ 1126ರಿಂದ 1138ರ ತನಕ ಆಳಿದ ಮೂರನೆಯ ಸೋಮೇಶ್ವರ, ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗ ಇಡಿಯಾಗಿ ಗಾಳದ ಮೀನುಗಾರಿಕೆಗೆ ಮೀಸಲು. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನು ಹೆಸರಿಸಿ, ಹುರುಪೆ ಇರುವವು, ಇಲ್ಲದವು, ಕಡಲಿನವು, ಸಿಹಿನೀರಿನವು ಎಂದು ವಿಂಗಡಿಸಿ, ಒಂದೊಂದು ಗುಂಪಿಗೆ ಯಾವ ಮೇವು ಹಾಕಿ ಪಳಗಿಸಬೇಕು, ದಾರ, ಕೋಲು, ಕೊಕ್ಕೆ ಹೇಗಿರಬೇಕು ಎಂದು ಅದು ಹೇಳುತ್ತದೆ. ಹಿಟ್ಟಿನ ಉಂಡೆಗೆ ಬರುವ ಮೀನು ಬೇರೆ, ಮಾಂಸಕ್ಕೆ ಬರುವ ಮೀನು ಬೇರೆ ಎಂಬ ತಿಳಿವಳಿಕೆ ಅದರ ಬೆನ್ನೆಲುಬು. ಹರಿವ ತೊರೆಗಳ ಮೀನುಗಳನ್ನು ಜೀವಮಾನವಿಡೀ ಅಭ್ಯಾಸ ಮಾಡಿದ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗದ ಮೇಲೆ ಬರೆದು ಆಧುನಿಕ ವಿಜ್ಞಾನಿಗಳ ಗಮನಕ್ಕೆ ತಂದರು.

ಸೋಮೇಶ್ವರನಿಂದ ಎಂಟುನೂರು ವರ್ಷಗಳ ಮೇಲೆ ಹೋರಾ ಅವರ ಕಾಲ. ನಡುವೆ ಇನ್ನೊಬ್ಬ ಬಂದುಹೋದ. ಮುಂಬಯಿ ಸರ್ಕಾರದ ಸೇನಾಧಿಕಾರಿ ಡಬ್ಲ್ಯು. ಎಚ್. ಸೈಕ್ಸ್, ದಖ್ಖನ್ನಿನ ಅಂಕಿಅಂಶ ಕೂಡಿಸಲು ತಿರುಗಾಡುತ್ತ ಇಲ್ಲಿಯ ಮೀನುಗಳನ್ನು ವರ್ಣಿಸಿದ. ಹೊಸ ಜಾತಿಗಳಿಗೆ ಹೆಸರಿಡುವಾಗ ಅವನು ಹಲವು ಕಡೆ ಮೀನುಗಾರರು ಹೇಳಿದ ಮರಾಠಿ ಹೆಸರನ್ನೇ ಇಟ್ಟ. ಕಲ್ಲಿಗೆ ಅಂಟಿಕೊಂಡು ಪಾಚಿ ಕೆರೆಯುವ ಮಳ್ಯಾ ಮೀನು 1839ರಲ್ಲಿ ಹೀಗೆ ‘ಮುಲ್ಯಾ’ ಆಯಿತು. ಇಂದಿಗೂ ಅದರ ವೈಜ್ಞಾನಿಕ ಹೆಸರು ಗಾರ್ರಾ ಮುಲ್ಯಾ. ದಖ್ಖನ್ನಿನ ಮಹಶೀರ್ ‘ಟಾರ್ ಖುದ್ರಿ’ ಆದದ್ದೂ ಹಾಗೆಯೇ. ಹಳ್ಳದ ದಂಡೆಯ ಮಾತು ಲ್ಯಾಟಿನ್ ಹೆಸರಿನೊಳಗೆ ಕೂತು ಜಗತ್ತೆಲ್ಲ ತಿರುಗುತ್ತಿದೆ.

ಗಾಳದ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಮುಖ್ಯ ಭಾರತೀಯ ಪುಸ್ತಕವೂ ಕನ್ನಡ ನಾಡಿನ ನಂಟಿನದು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಮೀನು ಹಿಡಿಯಬೇಕಾದವನು ಮೊದಲು ಮೀನಿನ ಊಟವನ್ನು ಅರಿಯಬೇಕು ಎಂಬಲ್ಲಿ ಕಲ್ಯಾಣದ ಅರಸ, ಮಂಗಳೂರಿನ ಕಲೆಕ್ಟರ್, ಹಳ್ಳದ ದಂಡೆಯ ಹುಡುಗ ಮೂವರೂ ಒಂದೇ ಶಾಲೆಯವರು.

ಯಾವ ಹುಳು ಆದೀತು, ಯಾವುದು ಆಗದು

ನಮ್ಮ ಕಡೆ ಗಾಳಕ್ಕೆ ಮೊದಲು ನೆನಪಾಗುವುದು ಎರೆಹುಳು, ಆಮೇಲೆ ಕಣಕದ ಉಂಡೆ. ಹುಳುವನ್ನೇ ನೆಚ್ಚಿದ ನಾಡುಗಳೂ ಇವೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಟಾಲ್ಪಾ ಎಂಬ ಮರದ ಎಲೆ ತಿನ್ನುವ ಪತಂಗದ ಹುಳು ಗಾಳಕ್ಕೆ ಎಷ್ಟು ಒಳ್ಳೆಯದೆಂದರೆ, ಹುಳುವಿಗಾಗಿಯೇ ಮನೆ ಹತ್ತಿರ ಆ ಮರ ನೆಡುತ್ತಾರೆ. ಕೆಲವರು ಹುಳುವಿನ ತಲೆ ತೆಗೆದು, ಕಡ್ಡಿಯಿಂದ ಮೈಯನ್ನು ಒಳಹೊರಗಾಗಿ ತಿರುವಿ ಕೊಕ್ಕೆಗೆ ಹಾಕುತ್ತಾರೆ. ಮೈದ್ರವ ನೀರಿಗೆ ಬೇಗ ಹರಡಲಿ ಎಂದು. ಜಪಾನಿನ ಬೆಟ್ಟದ ತೊರೆಗಳಲ್ಲಿ ದ್ರಾಕ್ಷಿಬಳ್ಳಿಯ ಕಾಂಡ ಕೊರೆಯುವ ಪತಂಗದ ಮರಿ ಹೆಸರಾದ ಮೇವು.

ನಮ್ಮ ಹೊಲದ ಕೀಡಿ ಹಿಡಿಯುವ ಉಪಾಯ ರೈತರಿಗೆ ಗೊತ್ತಿರುವುದೇ. ತೊಗರಿ ಸಾಲುಗಳ ನಡುವೆ ಇಬ್ಬರು ತಾಡಪತ್ರಿ ಇಲ್ಲವೆ ಹಳೆಯ ಸೀರೆ ಹಿಡಿದು ನಡೆಯುತ್ತಾರೆ, ಇನ್ನೊಬ್ಬರು ಗಿಡವನ್ನು ಮೆಲ್ಲನೆ ಅಲ್ಲಾಡಿಸುತ್ತಾರೆ. ಬಲಿತ ಕೀಡಿಗಳು ಹಿಡಿತ ಬಿಟ್ಟು ಉದುರುತ್ತವೆ. ಪಟಾಂಚೆರುವಿನ ಇಕ್ರಿಸ್ಯಾಟ್ ಬೆಳೆ ಸಂಶೋಧನಾ ಸಂಸ್ಥೆ 1990ರ ದಶಕದ ಕೊನೆಯಲ್ಲಿ ಈ ಹಳೆಯ ಪದ್ಧತಿಯನ್ನು ಪರೀಕ್ಷಿಸಿ, ಪ್ರಚಾರವನ್ನೂ ಮಾಡಿತು. ಉದುರಿದ ಕೀಡಿ ಕೋಳಿಗೆ ಮೇವಾಗುತ್ತದೆ. ಗಾಳಕ್ಕೂ ಆಗುತ್ತದೆ. ಆದರೆ ಒಂದು ಡಬ್ಬಿಯಲ್ಲಿ ಹತ್ತಾರು ಕೀಡಿ ತುಂಬಬೇಡಿ. ಇಕ್ಕಟ್ಟಾದರೆ ಅವು ಒಂದನ್ನೊಂದು ತಿನ್ನುತ್ತವೆ. ತೊಗರಿ ಎಲೆ ಹಾಕಿ, ಕಾಗದದ ಪೊಟ್ಟಣಗಳಲ್ಲಿ ಬೇರೆ ಬೇರೆ ಇಟ್ಟು, ನೆರಳಲ್ಲಿರಿಸಿದರೆ ಚುರುಕಾಗಿ ಉಳಿಯುತ್ತವೆ. ಕೊಕ್ಕೆಯನ್ನು ಹಿಂದುಗಡೆಯ ಚರ್ಮಕ್ಕೆ ಮಾತ್ರ ತೂರಿಸಿದರೆ ಕೀಡಿ ನೀರಲ್ಲಿ ಹೊರಳುತ್ತಿರುತ್ತದೆ. ಜೋಳದ ದಂಟಿನ ಬೆಂಡೋ ನವಿಲುಗರಿಯ ಕಡ್ಡಿಯೋ ತೇಲುಗಟ್ಟಾದೀತು.

ಬಿಡಬೇಕಾದ ಹುಳುಗಳೂ ಇವೆ. ಕಂಬಳಿ ಹುಳು ಮುಟ್ಟಲೇಬೇಡಿ. ಅದರ ರೋಮ ಚರ್ಮಕ್ಕೆ ಚುಚ್ಚಿ ತುರಿಕೆ, ದದ್ದು ಎಬ್ಬಿಸುತ್ತದೆ. ನುಗ್ಗೆ ಮರದ ಬೊಡ್ಡೆಗೆ ಗುಂಪಾಗಿ ಅಂಟಿಕೊಳ್ಳುವವು ಇಂಥವೇ. ಎಕ್ಕೆಯ ಎಲೆಯ ಮೇಲಿನ ಪಟ್ಟೆಪಟ್ಟೆ ಹುಳು ಗಿಡದ ಹಾಲಿನ ವಿಷವನ್ನು ತನ್ನ ಮೈಯಲ್ಲೇ ಕೂಡಿಟ್ಟುಕೊಂಡಿರುತ್ತದೆ. ಆ ಪಟ್ಟೆಗಳು ‘ನಾನು ಕಹಿ’ ಎಂಬ ಎಚ್ಚರಿಕೆ. ಕರಿಬೇವು, ನಿಂಬೆ ಗಿಡದ ಹಸಿರು ಹುಳುವನ್ನು ಕೆಣಕಿದರೆ ತಲೆಯ ಹಿಂದಿನಿಂದ ಕವಲಾದ ಕೋಡು ಹೊರಚಾಚಿ ಕಟು ವಾಸನೆ ಬಿಡುತ್ತದೆ. ಅವು ಚಿಟ್ಟೆಗಳಾಗಿ ಹೂವಿಗೆ ಬರಲಿ.

ಔಷಧಿ ಹೊಡೆದ ಹೊಲ

ಎಲ್ಲಕ್ಕಿಂತ ಮುಖ್ಯವಾಗಿ ಬಿಡಬೇಕಾದದ್ದು ಔಷಧಿ ಹೊಡೆದ ಹೊಲದ ಹುಳು. ಅದನ್ನು ಕೊಕ್ಕೆಗೆ ಹಾಕಿದರೆ ವಿಷವನ್ನೇ ಮೀನಿನ ಬಾಯಿಗಿಟ್ಟಂತೆ. ಆ ಮೀನು ನಮ್ಮ ತಾಟಿಗೆ ಬರುತ್ತದೆ.

ಗಾಳ ಹಾಕದಿದ್ದರೂ ಗಿಡದಿಂದ ಕೀಡಿ ಬೀಳುವುದು ನಿಲ್ಲುವುದಿಲ್ಲ. ವಿಷ ತಾಗಿ ನರಳುವ ಹುಳು ಹಿಡಿತ ತಪ್ಪಿ ಸುಲಭವಾಗಿ ಉದುರುತ್ತದೆ. ಮೇಲಿಂದ ಮಳೆ ಬಂದರೆ ಎಲೆಯ ಮೇಲಿನ ಔಷಧಿಯೂ ಹಳ್ಳಕ್ಕೇ. ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್‌ಗಳು ಮನುಷ್ಯನಿಗಿಂತ ಮೀನಿಗೆ ಬಹಳ ಹೆಚ್ಚು ಮಾರಕ, ಏಕೆಂದರೆ ಅವುಗಳನ್ನು ಒಡೆದು ಹೊರಹಾಕುವ ಶಕ್ತಿ ಮೀನಿನ ದೇಹದಲ್ಲಿ ಕಡಿಮೆ. ಒಂದು ಲೀಟರ್ ನೀರಿನಲ್ಲಿ ಕೆಲವೇ ಮೈಕ್ರೋಗ್ರಾಂ ಸಾಕು. ಅದಕ್ಕೂ ಮೊದಲು ಸಾಯುವುದು ಜಲಕೀಟಗಳು. ಒಂದೇ ಪೆಟ್ಟಿಗೆ ಹಳ್ಳದ ಎರಡೂ ಊಟ, ಒಳಗಿನದೂ ದಂಡೆಯದೂ ಕೆಡುತ್ತವೆ. ಎಂಡೋಸಲ್ಫಾನ್ ಎಂಬ ಕೀಟನಾಶಕ ಏನು ಮಾಡಿತೆಂಬುದನ್ನು ಕಾಸರಗೋಡಿನ ಗೇರುತೋಟಗಳ ಸುತ್ತಲಿನ ಕನ್ನಡ, ತುಳು, ಮಲಯಾಳ ಮನೆಗಳು ತಮ್ಮ ಮಕ್ಕಳ ಮೈಯಲ್ಲಿ ಕಂಡವು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಅದನ್ನು ದೇಶವಿಡೀ ತಡೆಯಿತು. ಅಲ್ಲಿಯ ತನಕ ತೊಗರಿಯ ಕೀಡಿಗೂ ಅದನ್ನು ಹೊಡೆಯುತ್ತಿದ್ದೆವು. ಮೀನಿಗೆ ಅದು ಅತಿ ಘೋರ ವಿಷ.

ಇಷ್ಟು ವಿಷಕ್ಕೆ ಕೀಡಿ ಸತ್ತಿತೇ? 1987ರಲ್ಲೇ ಆಂಧ್ರದ ಕರಾವಳಿಯ ಹತ್ತಿ ಹೊಲಗಳಲ್ಲಿ ಅದು ಪೈರೆಥ್ರಾಯ್ಡ್‌ಗಳಿಗೆ ಬಗ್ಗದೆ ಬೆಳೆ ನುಂಗಿತು. ಪ್ರತಿ ಸಿಂಪರಣೆಯಲ್ಲೂ ಬದುಕುಳಿದ ಗಟ್ಟಿ ಕೀಡಿಗಳೇ ಮುಂದಿನ ಪೀಳಿಗೆಯ ತಂದೆತಾಯಿ. ಹಳ್ಳದ ಮೀನಿಗೆ ಅಷ್ಟು ಬೇಗ ಅಂಥ ಬಲ ಬರುವುದಿಲ್ಲ. ಕೀಡಿಯ ಪೀಳಿಗೆ ತಿಂಗಳು, ಒಂದೂವರೆ ತಿಂಗಳಿಗೊಂದು, ಮೀನಿನದು ಮಳೆಗಾಲಕ್ಕೊಂದು.

ಬೇರೆ ದಾರಿ ಇದೆ. ಕೀಡಿಗೆ ತಗಲುವ ಎನ್‌ಪಿವಿ ಎಂಬ ವೈರಸ್ ಇದೆ. ಅದು ತಗಲಿದ ಕೀಡಿ ಗಿಡದ ತುದಿಗೆ ಏರಿ, ತಲೆಕೆಳಗಾಗಿ ಜೋತುಬಿದ್ದು, ಮೈ ಕರಗಿ ಸಾಯುತ್ತದೆ. ಹೆಕ್ಟೇರಿಗೆ 250 ರೋಗದ ಕೀಡಿಗಳಿಂದ ತೆಗೆದಷ್ಟು ದ್ರಾವಣವನ್ನು ಸಂಜೆ ಹೊತ್ತು ಸಿಂಪಡಿಸಲು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಮೀನಿಗೆ, ಜೇನಿಗೆ, ಮನುಷ್ಯನಿಗೆ ಅದರಿಂದ ತೊಂದರೆಯಿಲ್ಲ. ಬೇವಿನ ಬೀಜದ ಕಷಾಯವನ್ನು ಮೊಟ್ಟೆಯ ಹಂತದಲ್ಲೇ ಹೊಡೆಯಬಹುದು. ಕಾಜಾಣ ಕೂರಲು ಹೊಲದಲ್ಲಿ ಕವಲು ಕಡ್ಡಿ ನೆಡಬಹುದು. ಗಿಡ ಅಲ್ಲಾಡಿಸಿ ಕೀಡಿ ಆರಿಸುವುದಂತೂ ಕೈಗಳ ಕೆಲಸ. ವಿಷ ಹೊಡೆಯಲೇಬೇಕಾಗಿ ಬಂದರೆ ಹಳ್ಳದ ಪಕ್ಕದ ನಾಲ್ಕು ಸಾಲುಗಳನ್ನಾದರೂ ಬಿಟ್ಟು ಹೊಡೆಯೋಣ, ಪಂಪು, ಡಬ್ಬಿಗಳನ್ನು ಹಳ್ಳದಲ್ಲಿ ತೊಳೆಯದಿರೋಣ.

ಮಡು ಉಳಿದರೆ

ಹಳ್ಳ ಬತ್ತಿದ ಮೇಲೆ ಮೀನು ಎಲ್ಲಿಂದ ಬರುತ್ತದೆ ಎಂದು ಮಕ್ಕಳು ಕೇಳುತ್ತಾರೆ. ಬೇಸಿಗೆಯಲ್ಲೂ ನೀರುಳಿದ ಮಡು, ಕೆರೆ, ನದಿಗಳಿಂದ ಬರುತ್ತದೆ. ಮರಳ ಮೀನು, ಅಂದರೆ ಮೈಸೂರು ಕಡೆಯ ಕೊರವ, ಗಾಳಿಯನ್ನೇ ಉಸಿರಾಡಬಲ್ಲುದರಿಂದ ಕೊಳೆತ, ಕಿರಿದಾದ ಮಡುವಿನಲ್ಲೂ ದಿನ ಕಳೆಯುತ್ತದೆ. ಮೊದಲ ಮಳೆಗೆ ಹಳ್ಳ ಎದ್ದಾಗ ಮೊಟ್ಟೆ ತುಂಬಿದ ಮೀನುಗಳು ನೀರಿಗೆದುರಾಗಿ ಹತ್ತುತ್ತವೆ. ಆ ವಾರ ಹಿಡಿದ ಒಂದು ಮೀನಿನ ಹೊಟ್ಟೆಯಲ್ಲಿ ವರ್ಷದ ಮೀನೆಲ್ಲ ಇರುತ್ತದೆ. ಅದೇ ಕಾಲದಲ್ಲಿ ಬಲೆ, ಬ್ಲೀಚಿಂಗ್ ಪುಡಿ, ಕರೆಂಟಿನ ತಂತಿ ಹಿಡಿದು ಹಳ್ಳಕ್ಕಿಳಿಯುವವರನ್ನು ಊರೇ ನಿಂತು ತಡೆಯಬೇಕು. ಗಾಳದವನು ಒಂದು ಸಲಕ್ಕೆ ಒಂದೇ ಮೀನು ಹಿಡಿಯುತ್ತಾನೆ, ಸಣ್ಣದಿದ್ದರೆ ಬಿಡುತ್ತಾನೆ. ಹಳ್ಳಕ್ಕೆ ಅಷ್ಟು ತಡೆದುಕೊಳ್ಳುವ ಶಕ್ತಿ ಇದೆ.

ಮುಂದಿನ ಎಳ್ಳ ಅಮಾವಾಸ್ಯೆಗೆ ಮಕ್ಕಳನ್ನು ಹಳ್ಳದ ತನಕ ಕರೆದುಕೊಂಡು ಹೋಗಿ. ಔಷಧಿ ಹೊಡೆಯದ ಗಿಡದಿಂದ ಒಂದು ಕೀಡಿ ತೆಗೆದು, ಕೊಕ್ಕೆ ಇಲ್ಲದೆ, ಮಡುವಿಗೆ ಬಿಡಿ. ಬಗ್ಗಿ ಕೂತು ಎಣಿಸಿ. ಹತ್ತು ಎಣಿಸುವುದರೊಳಗೆ ಎರಡನೆಯ ಉಂಗುರ ಎದ್ದರೆ ನಿಮ್ಮ ಹಳ್ಳದಲ್ಲಿ ಜೀವವಿದೆ. ನೂರು ಎಣಿಸಿದರೂ ಏಳದಿದ್ದರೆ ಕೀಡಿಯನ್ನು ಮೇಲೆತ್ತಿಕೊಂಡು, ತಿರುಗಿ ನಿಮ್ಮ ಹೊಲದ ಕಡೆ ನೋಡಿ. ಹಳ್ಳಕ್ಕೆ ಏನಾಗಿದೆ ಎಂಬುದಕ್ಕೆ ಉತ್ತರ ಅಲ್ಲಿ ಸಿಕ್ಕೀತು, ಅದನ್ನು ಸರಿಪಡಿಸುವ ಕೆಲಸವೂ ಅಲ್ಲಿಂದಲೇ ಶುರುವಾಗಬೇಕು.